ಬಸ್ಸಿನಲ್ಲಿ ಸಿಕ್ಕ ಚೀಲ ತಂದುಕೊಟ್ಟ ಅಣ್ಣನಿಗೆ

ಹೆಸರು ಕೇಳಿದೆ, ನೀವು ನಕ್ಕು ಹೊರಟೇಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಡಿಕೇರಿ ಬಸ್ಸಿನಲ್ಲಿ ನಾನು ಮರೆತು ಇಳಿದ ಚೀಲದಲ್ಲಿ ಅಪ್ಪನ ಹಳೇ ಹಾಕಿ ಸ್ಟಿಕ್ಕು, 1971ರ ಯುದ್ಧದ ಸಂಗ್ರಾಮ ಪದಕ ಇದ್ದವು. ಅಪ್ಪ ತೀರಿಕೊಂಡು ಆಗ ಒಂಬತ್ತು ದಿನ. ಹನ್ನೊಂದನೇ ದಿನ ಫೋಟೊ ಪಕ್ಕ ಅವೆರಡೂ ಇರಲೇಬೇಕು ಅಂತ ಅಮ್ಮ ಹೇಳಿದ್ದರು. ನನ್ನ ಮರೆವಿಗೆ ಏನನ್ನಲಿ!

ಪದಕದ ಅಂಚಿನಲ್ಲಿ ಸೈನಿಕನ ನಂಬರು, ಹೆಸರು ಕೆತ್ತಿರುತ್ತಾರೆ. ಎಷ್ಟು ಜನ ತಿರುಗಿಸಿ ನೋಡುತ್ತಾರೆ ಹೇಳಿ? ನೀವು ನೋಡಿದಿರಿ. ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ, ಮರುದಿನ ಮನೆ ಬಾಗಿಲಿಗೇ ತಂದುಕೊಟ್ಟಿರಿ.

ಯುದ್ಧದ ಮಾತು ಅಪ್ಪ ಜಾಸ್ತಿ ಆಡುತ್ತಿರಲಿಲ್ಲ. ಹಾಕಿ ಅಂದರೆ ಮಾತ್ರ ನಿಲ್ಲಿಸುತ್ತಿರಲಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ, ಐವತ್ತರ ಹತ್ತಿರ ಬಂದಿದ್ದ ಅಪ್ಪ ಹೊಸ ಹುರುಪಿನಲ್ಲಿ ಅದೇ ಸ್ಟಿಕ್ಕಿಗೆ ಮತ್ತೆ ಟೇಪು ಸುತ್ತಿದರು. ಆ ಟೇಪು ಈಗಲೂ ಹಾಗೇ ಇದೆ. ಅಮ್ಮ ಮೊದಲು ಮುಟ್ಟಿ ನೋಡಿದ್ದು ಅದನ್ನೇ, ಪದಕವನ್ನಲ್ಲ.

ನೀವು ಕಾಫಿ ಕೂಡ ಕುಡಿಯಲಿಲ್ಲ. ಅಮ್ಮನಿಗೆ ಅದೊಂದೇ ಬೇಜಾರು. ಮನೆ ದಾರಿ ಗೊತ್ತಿದೆ ಅಲ್ವಾ, ಒಮ್ಮೆ ಬನ್ನಿ.