ಬಂದೂಕು ಆಮೇಲೆ, ಮೊದಲು ತೋಟಾ ಕೇಳಿ

ಮಾನ್ಯ ಸಂಪಾದಕರೇ,

ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಹಾನಗಲ್ ಕಡೆಯ ನಮ್ಮ ಹಳ್ಳಿಗಳಲ್ಲಿ ಬಂದೂಕಿನ ಮಾತು ಶುರುವಾಗುತ್ತದೆ. ರಾತ್ರಿ ಹಂದಿ ನುಗ್ಗಿದರೆ ಬೆಳಗ್ಗೆ ಹೊಲ ನೋಡೋಕಾಗಲ್ಲ. ಬೆಳೆ ರಕ್ಷಣೆಯ ಲೈಸೆನ್ಸಿಗೆ ಅರ್ಜಿ ಹಾಕುವ ಹುಡುಗರು ಮೊಬೈಲಿನಲ್ಲಿ ಅಮೆರಿಕದ ರೈಫಲ್ ವಿಡಿಯೊ ತೋರಿಸಿ, "ಇಂಥಾದ್ದು ತಗೋಬಹುದಾ ಕಾಕಾ?" ಅನ್ನುತ್ತಾರೆ. ಅಪ್ಪನ ಕಾಲದ 12 ಬೋರ್ ಅಳತೆಯ ಜೋಡುನಳಿಗೆ ಬಂದೂಕು ನನ್ನ ಹತ್ತಿರ ಇರುವುದರಿಂದ ಈ ಪ್ರಶ್ನೆ ನನಗೇ ಬರುತ್ತದೆ.

ಅವರ ಕಣ್ಣು ಬಿದ್ದಿರುವುದು ಶಾರ್ಟ್ ಮ್ಯಾಗ್ನಮ್ ಅನ್ನುವ ಜಾತಿಯ ರೈಫಲ್ ಮೇಲೆ. ಅದರ ತೋಟಾ ಗಿಡ್ಡ, ಹೊಟ್ಟೆ ದಪ್ಪ. ಉದ್ದ ತೋಟಾದ ಮದ್ದು ಹೆಚ್ಚುಕಮ್ಮಿ ಇದರಲ್ಲೂ ಹಿಡಿಯುತ್ತದೆ. ತೋಟಾ ಗಿಡ್ಡವಾದರೆ ಅದನ್ನು ಒಳಗೆ ತಳ್ಳುವ ಬೋಲ್ಟ್ ಗಿಡ್ಡ, ರೈಫಲ್ಲೂ ಗಿಡ್ಡ, ತೂಕವೂ ಕಡಿಮೆ. ಬೆಟ್ಟ ಹತ್ತಿ ಬೇಟೆಯಾಡುವವರಿಗೆ ಒಳ್ಳೆಯದೇ. ಭುಜಕ್ಕೆ ಒದೆಯುವುದೂ ಅಷ್ಟೇ ಜೋರು, ಅದನ್ನು ವಿಡಿಯೊದವರು ಹೇಳಲ್ಲ!

ಅಮೆರಿಕದಲ್ಲೂ ಎಲ್ಲ ಸಲೀಸಲ್ಲ. ರೆಮಿಂಗ್ಟನ್ ಕಂಪನಿ 1965ರಲ್ಲೇ .350 ಮ್ಯಾಗ್ನಮ್ (ಅಂಕಿ ಅಂದರೆ ಗುಂಡಿನ ಹೆಚ್ಚುಕಮ್ಮಿ ದಪ್ಪ, ಇಂಚಿನಲ್ಲಿ) ಅನ್ನುವ ಗಿಡ್ಡ ತೋಟಾ ಮತ್ತು ಅದಕ್ಕೊಂದು ಗಿಡ್ಡ ರೈಫಲ್ ತಂದಿತ್ತು. ಅದು ಹೆಚ್ಚು ಓಡಲಿಲ್ಲ. ವಿಂಚೆಸ್ಟರ್ ಕಂಪನಿ 2001ರಲ್ಲಿ ತಂದ .300 ಶಾರ್ಟ್ ಮ್ಯಾಗ್ನಮ್ ಉಳಿದುಕೊಂಡಿತು. ಆಮೇಲೆ ಬಂದ ಇನ್ನೂ ಗಿಡ್ಡ ತೋಟಾಗಳು ಉಳಿಯಲಿಲ್ಲ. ಆ ರೈಫಲ್ ಕೊಂಡವರು ಈಗ ತೋಟಾ ಹುಡುಕುತ್ತಾ ಇದ್ದಾರೆ. ಕೊಲರಾಡೊದಲ್ಲಿರುವ ನಮ್ಮ ಅಣ್ಣನ ಮಗ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆಗೆ ಅಂತ .300 ಶಾರ್ಟ್ ಮ್ಯಾಗ್ನಮ್ ತಗೊಂಡಿದ್ದಾನೆ. 2020ರ ಕೊರೊನಾ ಹೊತ್ತಿನಲ್ಲಿ ಅವನ ಊರಿನ ಅಂಗಡಿಗಳಲ್ಲೂ ಅದರ ಡಬ್ಬಿ ಸಿಗಲಿಲ್ಲವಂತೆ. ಅಮೆರಿಕದ ಕಥೆಯೇ ಹೀಗಾದರೆ ಹಾವೇರಿಯದ್ದು ಕೇಳಬೇಕೆ?

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಈಗ ಬೇಟೆ ಅನ್ನುವುದೇ ಇಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ನಿಮ್ಮ ಹೊಲವನ್ನೇ ಮೇಯ್ದರೂ ಮುಟ್ಟುವ ಹಾಗಿಲ್ಲ. ಹಂದಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ಹಾಗಾಗಿ ನಮ್ಮ ಬಂದೂಕಿನ ಕೆಲಸ ಬಹುಪಾಲು ಸದ್ದು ಮಾಡಿ ಓಡಿಸುವುದು. ಅದಕ್ಕೆ ಮ್ಯಾಗ್ನಮ್ ಯಾಕೆ? ಅದರ ಗುಂಡು ಗುರಿ ತಪ್ಪಿದರೆ ಕಿಲೊಮೀಟರ್‌ಗಟ್ಟಲೆ ಹೋಗಬಹುದು. ಬಯಲುಸೀಮೆಯಲ್ಲಿ ಅಷ್ಟು ದೂರಕ್ಕೆ ಇನ್ನೊಂದು ಊರೇ ಬಂದಿರುತ್ತದೆ.

ರೈಫಲ್ಲೇ ಬೇಕು ಅನ್ನುವವರಿಗೆ ನಮ್ಮ ದೇಶದ .315 ಬೋರ್ ರೈಫಲ್ ಇದೆ. ಹಳೇ ಮಾದರಿ, ಭಾರ, ನೋಡೋಕೂ ಚೆಂದವಿಲ್ಲ. ಆದರೆ ಅದರ ತೋಟಾ ಇಲ್ಲೇ ತಯಾರಾಗುತ್ತದೆ. 12 ಬೋರಿನದೂ ಹಾಗೆಯೇ. ನನ್ನ ಮಟ್ಟಿಗೆ ಅಷ್ಟೇ ಸಾಕು, ಬಂದೂಕು ಆರಿಸುವಾಗ ಮೊದಲು ನೋಡಬೇಕಾದದ್ದು ಅದನ್ನೇ.

ಹಾಗಂತ ಅದಾದರೂ ಸುಲಭವಾಗಿ ಸಿಗುತ್ತದೆ ಅಂದುಕೊಳ್ಳಬೇಡಿ. ತೋಟಾಕ್ಕೆ ನಾನು ಹುಬ್ಬಳ್ಳಿಗೆ ಹೋಗಬೇಕು. ಬಸ್ಸಿಳಿದು ಅಂಗಡಿಗೆ ಹೋದರೆ "ಸ್ಟಾಕ್ ಇಲ್ರಿ, ಮುಂದಿನ ತಿಂಗಳು ನೋಡ್ರಿ" ಅನ್ನುತ್ತಾರೆ. ಫೋನಿನಲ್ಲಿ ಕೇಳಿದರೆ ಹೇಳಲ್ಲ. ಜಾಸ್ತಿ ತಂದು ಇಟ್ಟುಕೊಳ್ಳೋಣ ಅಂದರೆ ಲೈಸೆನ್ಸಿನಲ್ಲಿ ಬರೆದಷ್ಟೇ ಕೊಡುವುದು. ಇಟ್ಟರೂ ಕಾಗದದ ತೋಟಾ ನಮ್ಮ ಮಳೆಗಾಲಕ್ಕೆ ತಡೆಯಲ್ಲ. ಥಂಡಿಗೆ ಉಬ್ಬುತ್ತದೆ, ಹಿತ್ತಾಳೆಯ ಬುಡ ಹಸಿರುಗಟ್ಟುತ್ತದೆ. ನಳಿಗೆಗೆ ಹಾಕಿದರೆ ಅರ್ಧಕ್ಕೇ ನಿಲ್ಲುತ್ತದೆ. ಹೆಬ್ಬೆಟ್ಟಿನಿಂದ ಒತ್ತುತ್ತಾ ಕೂತರೆ ಅಷ್ಟರಲ್ಲಿ ಹಂದಿ ಊಟ ಮುಗಿಸಿ ಹೋಗಿರುತ್ತದೆ. ಪ್ಲಾಸ್ಟಿಕ್ ತೋಟಾ ಇದ್ದರೆ ಅದನ್ನೇ ಕೇಳಿ ತಗೊಳ್ಳಿ. ಚುನಾವಣೆ ಬಂತೆಂದರೆ ಬಂದೂಕೇ ಠಾಣೆಯಲ್ಲಿ ಜಮಾ, ಆ ಮಾತು ಬೇರೆ.

ಜಿಲ್ಲಾಧಿಕಾರಿಗಳ ಕಚೇರಿಯವರಲ್ಲಿ ಒಂದೇ ಕೋರಿಕೆ. ಬೆಳೆ ರಕ್ಷಣೆಯ ಲೈಸೆನ್ಸ್ ಕೊಡುವಾಗ, ನವೀಕರಿಸುವಾಗ, ಯಾವ ತೋಟಾ ಯಾವ ಅಂಗಡಿಯಲ್ಲಿ ಎಷ್ಟಿದೆ ಅಂತ ಪ್ರತಿ ತಿಂಗಳು ಒಂದು ಪಟ್ಟಿ ನೋಟಿಸ್ ಬೋರ್ಡಿಗೆ ಹಾಕಿಸಿ. ಅಂಗಡಿಯವರು ಸ್ಟಾಕ್ ಪುಸ್ತಕ ಹೇಗೂ ಇಟ್ಟಿರುತ್ತಾರೆ, ಹೊಸದಾಗಿ ಲೆಕ್ಕ ಬರೆಯಬೇಕಾಗಿಲ್ಲ. ಮುಂಗಾರಿನ ಬಿತ್ತನೆಗೆ ಮುಂಚೆಯೇ ಇದು ಆದರೆ ಈ ವರ್ಷದ ಗೋವಿನಜೋಳಕ್ಕೇ ಉಪಯೋಗವಾಗುತ್ತದೆ.

ಇಂತಿ,
ಒಬ್ಬ ರೈತ, ಹಾನಗಲ್ ತಾಲ್ಲೂಕು, ಹಾವೇರಿ ಜಿಲ್ಲೆ