ನಿಮ್ಮೂರ ಚಳಿ ಬೇರೆ, ನಮ್ಮೂರ ಚಳಿ ಬೇರೆ

ಪ್ರಿಯ ಓದುಗರೇ,

ಡಿಸೆಂಬರ್ ಬಂತೆಂದರೆ ನಮ್ಮವರ ಫೋನ್ ಮಾತೆಲ್ಲ ಒಂದೇ ಪ್ರಶ್ನೆಯಿಂದ ಶುರುವಾಗುತ್ತದೆ. "ನಿಮ್ಮಲ್ಲಿ ಎಷ್ಟಿದೆ?" ಡಾಲಸ್‌ನವರು 35 ಡಿಗ್ರಿ ಫ್ಯಾರನ್‌ಹೀಟ್ ಅನ್ನುತ್ತಾರೆ, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿರುವ ನಾವು 20 ಅನ್ನುತ್ತೇವೆ, ಮಿನಿಯಾಪೊಲಿಸ್‌ನವರು ಮೈನಸ್ 10 ಅನ್ನುತ್ತಾರೆ. ಯಾರ ಅಂಕಿ ಕಡಿಮೆಯೋ ಅವರ ಕಷ್ಟವೇ ದೊಡ್ಡದು ಅಂದುಕೊಂಡು ಫೋನ್ ಇಡುತ್ತೇವೆ. ಆದರೆ ಚಳಿ ಒಂದೊಂದು ಊರಿನಲ್ಲಿ ಒಂದೊಂದು ಥರ ಕಾಡುತ್ತದೆ. ಅಂಕಿ ನೋಡಿದರೆ ಅದು ತಿಳಿಯುವುದಿಲ್ಲ. ಈ ವರ್ಷ ನಮ್ಮ ಕನ್ನಡ ಕೂಟಕ್ಕೆ ಟೆಕ್ಸಸ್, ಕ್ಯಾಲಿಫೋರ್ನಿಯಾ ಕಡೆಯಿಂದ ಹಲವು ಮನೆಯವರು ಹೊಸದಾಗಿ ಬಂದಿದ್ದಾರೆ. ಈ ಸಲದ ಮಾತು ಮುಖ್ಯವಾಗಿ ಅವರಿಗಾಗಿ.

ನಮ್ಮೂರಿನ ಹಿಮ ಬರುವುದು ಈರಿ ಸರೋವರದಿಂದ. ನವೆಂಬರ್ ಹೊತ್ತಿಗೆ ಸರೋವರದ ನೀರಿನಲ್ಲಿ ಬೇಸಿಗೆಯ ಬಿಸಿ ಇನ್ನೂ ಉಳಿದಿರುತ್ತದೆ. ಅದರ ಮೇಲೆ ಕೊರೆಯುವ ಗಾಳಿ ಬೀಸಿದರೆ ನೀರಾವಿಯನ್ನು ಹೀರಿಕೊಂಡು ಬಂದು, ದಡ ದಾಟುತ್ತಿದ್ದಂತೆ ಹಿಮವಾಗಿ ಸುರಿಯುತ್ತದೆ. ಅದೂ ಊರಿಗೆಲ್ಲ ಒಂದೇ ಸಮ ಅಲ್ಲ. ಕೆಲವೇ ಮೈಲಿ ಅಗಲದ ಒಂದು ಪಟ್ಟಿ. ಗಾಳಿ ಎತ್ತ ಮುಖ ಮಾಡಿದೆಯೋ ಆ ಪಟ್ಟಿ ಅತ್ತ. 2014ರ ನವೆಂಬರ್‌ನಲ್ಲಿ ನಗರದ ದಕ್ಷಿಣಕ್ಕಿರುವ ಊರುಗಳಲ್ಲಿ 5 ಅಡಿಗೂ ಜಾಸ್ತಿ ಹಿಮ ಬಿತ್ತು. ಮುಂಬಾಗಿಲು ತೆಗೆದರೆ ಎದುರಿಗೆ ಬಿಳಿ ಗೋಡೆ, ಅದರ ಮೇಲೆ ಬಾಗಿಲಿನ ಅಚ್ಚು. ಅಲ್ಲಿಂದ ಕೆಲವೇ ಮೈಲಿ ಉತ್ತರಕ್ಕೆ ಬಿದ್ದದ್ದು ಕೆಲವೇ ಇಂಚು.

ಹಾಗಾಗಿ ನಗರದ ಉತ್ತರಕ್ಕಿರುವ ಆ್ಯಮ್ಹರ್ಸ್ಟ್‌ನಲ್ಲಿ ಕಿಟಕಿಯಿಂದ ಆಕಾಶ ನೋಡಿ, ಬಿಸಿಲಿದೆ ಅಂತ ದಕ್ಷಿಣದ ಹ್ಯಾಂಬರ್ಗ್‌ಗೆ ಕಾರು ಹೊರಡಿಸಬೇಡಿ. ಹೋಗುವ ಊರಿನ ಹವಾಮಾನ ನೋಡಿ. ದಾರಿಯದ್ದನ್ನೂ ನೋಡಿ. ಇನ್ನೊಂದು ಮಾತು. ಈರಿ ಆಳವಿಲ್ಲದ ಸರೋವರ, ಐದು ಮಹಾಸರೋವರಗಳಲ್ಲಿ ಇದರ ಆಳವೇ ಕಡಿಮೆ. ಬೇಗ ಹೆಪ್ಪುಗಟ್ಟುತ್ತದೆ. ಮೇಲೆ ಮಂಜುಗಡ್ಡೆ ಮುಚ್ಚಿಕೊಂಡಿತೆಂದರೆ ಈ ಹಿಮದ ಅಬ್ಬರ ಇಳಿಯುತ್ತದೆ. ಜನವರಿಗೆ ತಯಾರಾದರೆ ಸಾಕು ಅಂದುಕೊಂಡು ಬಂದವರಿಗೆ ನವೆಂಬರ್, ಡಿಸೆಂಬರ್‌ನಲ್ಲೇ ಪೆಟ್ಟು ಬೀಳುವುದು ಇದಕ್ಕೇ.

ಈಗ ನಿಮ್ಮ ಮನೆಯ ಹೊರಗೋಡೆಯನ್ನು ಒಮ್ಮೆ ಸುತ್ತಿ ನೋಡಿ. ನೆಲದಿಂದ ಒಂದೆರಡು ಅಡಿ ಮೇಲೆ ಎರಡು ಬಿಳಿ ಪ್ಲಾಸ್ಟಿಕ್ ಕೊಳವೆ ಹೊರಗೆ ಚಾಚಿಕೊಂಡಿದ್ದರೆ, ಅವು ಹೆಚ್ಚಿನಂಶ ಮನೆ ಬಿಸಿಮಾಡುವ ಫರ್ನೇಸಿನವು. ಒಂದು ಗಾಳಿ ಎಳೆದುಕೊಳ್ಳುತ್ತದೆ, ಇನ್ನೊಂದು ಹೊಗೆ ಬಿಡುತ್ತದೆ. ಹಿಮ ಏರಿ ಅವು ಮುಚ್ಚಿಹೋದರೆ ಫರ್ನೇಸ್ ನಿಂತುಹೋಗಬಹುದು. ಅದಕ್ಕಿಂತ ಕೆಟ್ಟದ್ದು, ಕಾರ್ಬನ್ ಮಾನಾಕ್ಸೈಡ್ ಅನ್ನುವ ವಾಸನೆಯಿಲ್ಲದ ವಿಷಾನಿಲ ಒಳಗೇ ಸೇರಬಹುದು. ಡ್ರೈವ್‌ವೇ ಹಿಮ ತೆಗೆಯೋ ಮೊದಲು ಆ ಕೊಳವೆಗಳ ಸುತ್ತಲಿನದ್ದು ತೆಗೆಯಿರಿ. ಕಾರು ಸ್ಟಾರ್ಟ್ ಮಾಡುವ ಮೊದಲು ಸೈಲೆನ್ಸರ್ ಬಾಯಿ ಬಿಡಿಸಿ. ನಾನು ಹೊಸಬರಿಗೆ ಹೇಳುವ ಮೊದಲ ಮಾತು ಇದೇ. ಬೂಟು, ಜಾಕೆಟ್ಟಿನ ಮಾತು ಆಮೇಲೆ.

ಅಷ್ಟೆಲ್ಲ ಗೊತ್ತಿರುವ ಊರು ಕೂಡ ಸೋಲುತ್ತದೆ. 2022ರ ಕ್ರಿಸ್‌ಮಸ್ ನಮ್ಮಲ್ಲಿ ಯಾರೂ ಮರೆತಿಲ್ಲ. ಗಾಳಿ ಗಂಟೆಗೆ 70 ಮೈಲಿ ದಾಟಿತು. ದಿನಕ್ಕೂ ಮೀರಿ ಕಣ್ಣೆದುರಿಗಿನ ಕೈ ಕಾಣದಂಥ ಹಿಮಗಾಳಿ. ಆಂಬ್ಯುಲೆನ್ಸ್‌ಗಳೇ ರಸ್ತೆಯಲ್ಲಿ ಸಿಕ್ಕಿಬಿದ್ದವು. 40ಕ್ಕೂ ಹೆಚ್ಚು ಜನ ಸತ್ತರು. ಕೆಲವರು ಕಾರಿನಲ್ಲಿ, ಕೆಲವರು ಬೀದಿಯಲ್ಲಿ, ಕೆಲವರು ಹೀಟಿಂಗ್ ಇಲ್ಲದ ಮನೆಯಲ್ಲಿ. ಹಿಮಕ್ಕೆ ಹೆಸರಾದ ಊರಿನಲ್ಲೇ ಹೀಗಾಯಿತು. ಡ್ರೈವಿಂಗ್ ಬ್ಯಾನ್ ಅಂದರೆ ಬ್ಯಾನ್. ಹಾಲು ಮುಗಿದಿದೆ ಅಂತ ಹೊರಡುವುದು ಬೇಡ, ದಯವಿಟ್ಟು.

ಟೆಕ್ಸಸ್‌ನಿಂದ ಬಂದವರಿಗೆ ಬೇರೊಂದು ಚಳಿಯ ಅನುಭವ ಇದೆ. 2021ರ ಫೆಬ್ರವರಿ 16ರಂದು ಡಾಲಸ್ ಮೈನಸ್ 2 ಫ್ಯಾರನ್‌ಹೀಟ್‌ಗೆ ಇಳಿಯಿತು. ಮಿನಿಯಾಪೊಲಿಸ್‌ನವರಿಗೆ ಅದು ಆಫೀಸಿಗೆ ಹೋಗಿಬರುವ ದಿನ. ಟೆಕ್ಸಸ್‌ನಲ್ಲಿ ಮಾತ್ರ 40 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ಬಹಳಷ್ಟು ಮನೆಗಳ ಹೀಟಿಂಗ್ ಕೂಡ ಕರೆಂಟಿನದ್ದೇ. ಸೆಖೆಗೆಂದು ಕಟ್ಟಿದ ಮನೆಗಳಲ್ಲಿ ನೀರಿನ ಪೈಪು ಅಟ್ಟದ ಮೇಲೆ, ಹೊರಗೋಡೆಯೊಳಗೆ ಹೋಗಿರುತ್ತದೆ. ಅವು ಹೆಪ್ಪುಗಟ್ಟಿ ಒಡೆದು ಸೂರಿನಿಂದ ನೀರು ಸುರಿಯಿತು. ರಾಜ್ಯ ಸರ್ಕಾರದ ಲೆಕ್ಕದಲ್ಲೇ ಸತ್ತವರು 246.

ಅವರಲ್ಲಿ ಕೆಲವರು ಸತ್ತದ್ದು ಬೆಚ್ಚಗಿರಲು ಮಾಡಿಕೊಂಡ ದಾರಿಯಿಂದಲೇ. ಇದ್ದಿಲ ಗ್ರಿಲ್ ಒಳಗೆ ತಂದು ಹೊತ್ತಿಸಿದರು, ಗ್ಯಾರೇಜಿನಲ್ಲಿ ಕಾರು ಓಡಿಸಿ ಕೂತರು. ಈ ಮಾತು ನಮಗೆ ಜಾಸ್ತಿ ತಟ್ಟಬೇಕು. ಮಲೆನಾಡಿನಲ್ಲಿ ಅಗ್ಗಿಷ್ಟಿಕೆ ಮುಂದೆ ಬೆಳೆದವರು ನಮ್ಮಲ್ಲಿದ್ದಾರೆ, ನಮ್ಮ ಅಪ್ಪ ಅಮ್ಮಂದಿರಿಗಂತೂ ಕೆಂಡ ಅಂದರೆ ಮನೆಯವರಿದ್ದಂತೆ. ಆ ಮನೆಗಳಲ್ಲಿ ಹಂಚಿನ ಸಂದಿಯಿಂದ ಹೊಗೆ ಹೋಗುತ್ತಿತ್ತು. ಇಲ್ಲಿನ ಮನೆಗಳಲ್ಲಿ ಗಾಳಿಗೆ ಸಂದಿಯೇ ಇಲ್ಲ. ಊರಿಂದ ಬಂದ ಹಿರಿಯರಿಗೆ ಇದನ್ನು ಕೂರಿಸಿಕೊಂಡು ಹೇಳಿ. ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಕಿರುಚಿದರೆ ಬ್ಯಾಟರಿ ತೆಗೆಯದೆ ಹೊರಗೆ ಬರಬೇಕು ಅಂತಲೂ ಹೇಳಿ.

ಟೆಕ್ಸಸ್‌ನಲ್ಲಿರುವ ನಮ್ಮವರಿಗೆ ಆಗ ಇಲ್ಲಿಂದ ಎಷ್ಟೋ ಜನ ಫೋನ್ ಮಾಡಿ "ಅಷ್ಟೇನಾ?" ಅಂದಿದ್ದರು. ಹಾಗೆ ಅನ್ನಬಾರದು ಅಂತ ನನ್ನ ಅನಿಸಿಕೆ. ಹಿಮ ಕರಗಲು ರಸ್ತೆಗೆ ಉಪ್ಪು ಚೆಲ್ಲುವ ಲಾರಿ ಇಲ್ಲದ ಊರಿಗೆ ಎರಡಿಂಚು ಹಿಮವೇ ಸಾಕು. 2014ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ಅಷ್ಟೇ ಬಿದ್ದದ್ದು. ಸಾವಿರಾರು ಜನ ಹೆದ್ದಾರಿಯಲ್ಲಿ ರಾತ್ರಿ ಕಳೆದರು, ಮಕ್ಕಳು ಶಾಲೆಯಲ್ಲೇ ಮಲಗಿದರು.

ಮಿನಿಯಾಪೊಲಿಸ್‌ನ ಕಥೆ ಇನ್ನೊಂದು. ಅಲ್ಲಿ ಹಿಮಕ್ಕಿಂತ ಒಣಚಳಿಯ ಕಾಟ. ಆಕಾಶ ತಿಳಿಯಾಗಿದ್ದಷ್ಟೂ ಕೊರೆತ ಜಾಸ್ತಿ. ಗಾಳಿ ಸೇರಿ ಮೈನಸ್ 25 ಫ್ಯಾರನ್‌ಹೀಟ್ ಆದರೆ ಮುಚ್ಚದ ಕಿವಿ, ಬೆರಳು ಅರ್ಧ ಗಂಟೆಯೊಳಗೇ ಸೆಟೆದು ಹೋಗಬಹುದು. ಆ ಊರು ಅದಕ್ಕೆ ತಕ್ಕ ವ್ಯವಸ್ಥೆ ಮಾಡಿಕೊಂಡಿದೆ. 1962ರಿಂದ ಕಟ್ಟುತ್ತಾ ಬಂದ ಸ್ಕೈವೇಗಳಲ್ಲಿ, ಅಂದರೆ ಕಟ್ಟಡದಿಂದ ಕಟ್ಟಡಕ್ಕೆ ಹಾಯುವ ಮುಚ್ಚಿದ ಮೇಲ್ಸೇತುವೆಗಳಲ್ಲಿ, ನಡುಪೇಟೆಯನ್ನೆಲ್ಲ ಕೋಟಿಲ್ಲದೆ ಸುತ್ತಬಹುದು.

ಕರ್ನಾಟಕದಲ್ಲೂ ಹಾಗೇ ಅಲ್ವಾ? ಬೀದರ್, ವಿಜಯಪುರದಲ್ಲಿ ಉಷ್ಣಾಂಶ ಹತ್ತು ಸೆಲ್ಸಿಯಸ್‌ನ ಕೆಳಗೆ ಇಳಿದಾಗ ಮಂಗಳೂರಿನಲ್ಲಿ ಫ್ಯಾನ್ ತಿರುಗುತ್ತಿರುತ್ತದೆ. ಬೀದರ್, ವಿಜಯಪುರದ ಕಡೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಈ ದಿನಗಳ ಊಟ. ಚಳಿಗೆ ಏನು ತಿನ್ನಬೇಕು, ಯಾವಾಗ ಹೊರಡಬೇಕು ಅನ್ನುವುದನ್ನು ಆಯಾ ಊರಿನ ಜನರೇ ಹೇಳಬೇಕು. ಇಲ್ಲೂ ಹಾಗೇ ಮಾಡಿ. ಬೇರೆ ರಾಜ್ಯದ ಅಣ್ಣನನ್ನು ಕೇಳುವ ಮೊದಲು ಪಕ್ಕದ ಮನೆಯವರನ್ನು ಕೇಳಿ. ಕಿರಾಣಿ ಯಾವಾಗ ತರುತ್ತೀರಿ, ನಮ್ಮ ಬೀದಿಗೆ ಹಿಮ ತಳ್ಳುವ ಪ್ಲೌ ಎಷ್ಟು ಹೊತ್ತಿಗೆ ಬರುತ್ತದೆ, ಕರೆಂಟ್ ಹೋದರೆ ಎಲ್ಲಿಗೆ ಹೋಗುತ್ತೀರಿ ಅಂತ. ಖುಷಿಯಿಂದ ಹೇಳುತ್ತಾರೆ. ಅವರ ಫೋನ್ ನಂಬರ್ ಕೂಡ ಇಸಿದುಕೊಳ್ಳಿ.

ಕೂಟದ ಕಡೆಯಿಂದ ಎರಡು ಮಾತು. ಹೊಸ ಮನೆಯವರು, ಒಬ್ಬರೇ ಇರುವ ವಿದ್ಯಾರ್ಥಿಗಳು, ಹಿರಿಯರು ಬಂದಿರುವ ಮನೆಗಳು ನಮಗೆ ಹೆಸರು ಕೊಟ್ಟರೆ, ಅದೇ ಬಡಾವಣೆಯ ಹಳಬರೊಬ್ಬರನ್ನು ಜೊತೆ ಮಾಡಿಕೊಡುತ್ತೇವೆ. ಹಿಮ ಬಿದ್ದ ದಿನ ಅವರು ಒಂದು ಫೋನ್ ಮಾಡುತ್ತಾರೆ. ಇನ್ನು ಸಂಕ್ರಾಂತಿ ಕಾರ್ಯಕ್ರಮ. ನಡೆಯುತ್ತದೋ ಇಲ್ಲವೋ ಅಂತ ಹಿಂದಿನ ಸಂಜೆಯೇ ತಿಳಿಸುತ್ತೇವೆ. ಹಾಲ್ ಹತ್ತಿರ ಬಿಸಿಲಿದ್ದು ನಿಮ್ಮ ಕಡೆ ಹಿಮದ ಪಟ್ಟಿ ನಿಂತಿದ್ದರೆ ಸುಮ್ನೆ ಮನೆಯಲ್ಲಿರಿ, ಸಂಕೋಚ ಬೇಡ. ನಿಮ್ಮ ಪಾಲಿನ ಎಳ್ಳು ಬೆಲ್ಲದ ಪೊಟ್ಟಣ ಎತ್ತಿಟ್ಟಿರುತ್ತೇವೆ. ದಾರಿ ಬಿಟ್ಟ ಮೇಲೆ ಯಾರಾದರೂ ತಂದುಕೊಡುತ್ತಾರೆ.

ಸಂಪಾದಕರು