ಕಾರಿನ ಗಾಜಿಗೆ ಬಿಸಿನೀರು ಬೇಡ

ಮಾನ್ಯ ಸಂಪಾದಕರಿಗೆ,

ಡಿಸೆಂಬರ್ ಕೊನೆಯಲ್ಲೋ ಜನವರಿಯ ಮೊದಲ ವಾರಗಳಲ್ಲೋ ಊಟಿಯ ಹುಲ್ಲುಹಾಸು ಬೆಳ್ಳಗಾಗಿರುವ ಚಿತ್ರ ಪ್ರತಿವರ್ಷ ನಮ್ಮ ಪತ್ರಿಕೆಗಳಲ್ಲಿ ಬರುತ್ತದೆ. ಅದರ ಕೆಳಗೆ ಎಷ್ಟೋ ಸಲ ‘ಊಟಿಯಲ್ಲಿ ಹಿಮಪಾತ’ ಎಂಬ ಸಾಲಿರುತ್ತದೆ. ಆ ವಾರಾಂತ್ಯಕ್ಕೇ ಮೈಸೂರು, ಬೆಂಗಳೂರಿನ ಕಾರುಗಳು ಗುಂಡ್ಲುಪೇಟೆ ದಾರಿ ಹಿಡಿಯುತ್ತವೆ. ನಾನೂ ಹಾಗೆ ಹೋದವನೇ. ಆ ಚಿತ್ರಗಳ ಮೂಲೆಯಲ್ಲಿ ಕಾಣಿಸಿಯೂ ಸುದ್ದಿಯಾಗದ ಒಂದು ವಿಷಯವಿದೆ. ರಾತ್ರಿಯಿಡೀ ಬಯಲಲ್ಲಿ ನಿಂತ ಕಾರಿನ ಗಾಜಿನ ಮೇಲೆ ಕಟ್ಟುವ ಹಿಮದ ಪದರ ಮತ್ತು ಅದನ್ನು ತೆಗೆಯಲು ನಾವು ಹಿಡಿಯುವ ತಪ್ಪು ದಾರಿಗಳ ಬಗ್ಗೆ ನಾಲ್ಕು ಮಾತು ಬರೆಯಲು ತಮ್ಮ ಅಂಕಣದಲ್ಲಿ ಅವಕಾಶ ಕೋರುತ್ತೇನೆ.

ಮೊದಲು ಆ ‘ಹಿಮಪಾತ’ದ ಮಾತು. ಊಟಿಯಲ್ಲಿ ಆ ರಾತ್ರಿಗಳಲ್ಲಿ ಮೇಲಿನಿಂದ ಏನೂ ಬಿದ್ದಿರುವುದಿಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಆಕಾಶಕ್ಕೆ ಮುಖ ಮಾಡಿದ ಹುಲ್ಲು, ತಗಡು, ಗಾಜು ಎಲ್ಲವೂ ತಮ್ಮ ಶಾಖವನ್ನು ಮೇಲಕ್ಕೆ ಬಿಟ್ಟುಕೊಡುತ್ತ ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತವೆ. ಆದ್ದರಿಂದ ಹವಾಮಾನ ವರದಿಯಲ್ಲಿ ಎರಡು ಮೂರು ಡಿಗ್ರಿ ಎಂದಿದ್ದರೂ ಗಾಜಿನ ಮೈ ಸೊನ್ನೆಗಿಂತ ಕೆಳಗಿಳಿದಿರಬಹುದು. ಅದನ್ನು ಸೋಕಿದ ಗಾಳಿಯ ತೇವ ನೀರಾಗದೆ ನೇರವಾಗಿ ಹಿಮದ ಹರಳಾಗುತ್ತದೆ. ತಮಿಳಿನಲ್ಲಿ ಇದಕ್ಕೆ ‘ಉರೈಪನಿ’ ಎಂಬ ಪ್ರತ್ಯೇಕ ಪದವಿದೆ. ನಾವಾದರೋ ಕಾವಳಕ್ಕೂ ಇಬ್ಬನಿಗೂ ಹಿಮಾಲಯದ ಹಿಮಕ್ಕೂ ‘ಮಂಜು’ ಎಂಬ ಒಂದೇ ಪದವನ್ನು ಬಳಸಿ ಸುಮ್ಮನಾಗುತ್ತೇವೆ. ಇದು ಬರೀ ಪದದ ಜಗಳವಲ್ಲ. ಈ ಹಿಮ ಮೇಲಿನಿಂದ ಬೀಳುವುದಲ್ಲ, ಆಕಾಶಕ್ಕೆ ತೆರೆದ ಗಾಜಿನ ಮೇಲೆಯೇ ಹುಟ್ಟುವುದು ಎಂದು ತಿಳಿದವರು ಕಾರನ್ನು ಮರದಡಿಯಲ್ಲೋ ಸೂರಿನ ಕೆಳಗೋ ನಿಲ್ಲಿಸುತ್ತಾರೆ, ಇಲ್ಲವೇ ಮಲಗುವ ಮುನ್ನ ಮುಂದಿನ ಗಾಜಿಗೆ ಒಂದು ರಟ್ಟನ್ನೋ ಹಳೆಯ ಬೆಡ್‌ಶೀಟನ್ನೋ ಹೊದಿಸುತ್ತಾರೆ. ಅಷ್ಟಕ್ಕೇ ಬೆಳಗಿನ ಕೆಲಸ ಮುಕ್ಕಾಲು ಪಾಲು ಮುಗಿದಂತೆ.

ನನಗೆ ಅದು ತಿಳಿದಿರಲಿಲ್ಲ. ನಾಲ್ಕು ವರ್ಷಗಳ ಹಿಂದೆ ಜನವರಿಯ ಒಂದು ಸೋಮವಾರ, ಹೊತ್ತಿಗೆ ಸರಿಯಾಗಿ ಮೈಸೂರು ಸೇರಿ ಕೆಲಸಕ್ಕೆ ಹೋಗಬೇಕೆಂದು ಬೆಳಗಿನ ಆರು ಗಂಟೆಗೇ ವಸತಿಗೃಹದಿಂದ ಹೊರಬಿದ್ದೆ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚಿರುವುದರಿಂದ ನಮ್ಮ ಕಡೆಯವರು ಹೊರಡುವ ಸಮಯವೂ ಹೆಚ್ಚುಕಡಿಮೆ ಅದೇ. ಹಿಮ ಅತಿ ಗಟ್ಟಿಯಾಗಿರುವ ಸಮಯವೂ ಅದೇ. ಕಾರಿನ ಮುಂದಿನ ಗಾಜು ಸುಣ್ಣ ಬಳಿದ ಗೋಡೆಯಂತಿತ್ತು. ಹತ್ತಿರ ಹೋಗಿ ನೋಡಿದರೆ ಹಕ್ಕಿಯ ಗರಿಯಂತೆ ಎಳೆಎಳೆಯಾಗಿ ಹಬ್ಬಿದ ಹರಳು, ಬೆರಳಿಟ್ಟರೆ ಅಂಟಿಕೊಳ್ಳುವಷ್ಟು ತಣ್ಣಗೆ. ವೈಪರ್ ಹಾಕಿದೆ. ಅದು ಅಲ್ಲಾಡಲಿಲ್ಲ, ರಬ್ಬರು ಗಾಜಿಗೆ ಕಚ್ಚಿಕೊಂಡಿತ್ತು. ಸ್ನಾನಕ್ಕೆ ಕೊಟ್ಟಿದ್ದ ಬಿಸಿನೀರಿನಲ್ಲಿ ಉಳಿದ ಅರ್ಧ ಬಕೆಟ್ ತಂದು ಸುರಿದೆ. ‘ಟಿಕ್’ ಎಂದು ಸಣ್ಣ ಸದ್ದಾಯಿತು. ಎಂದೋ ಹೆದ್ದಾರಿಯಲ್ಲಿ ಜಲ್ಲಿಕಲ್ಲು ಸಿಡಿದು ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಚಿಪ್ಪೆದ್ದಿದ್ದ ಜಾಗದಿಂದ ಒಂದು ಬಿರುಕು ಕಣ್ಣೆದುರೇ ಗೇಣುದ್ದ ಓಡಿತು.

ತಪ್ಪು ಸಂಪೂರ್ಣ ನನ್ನದೇ. ಗಾಜು ಶಾಖವನ್ನು ಬೇಗ ಒಳಕ್ಕೆ ಬಿಡುವ ವಸ್ತುವಲ್ಲವಾದ್ದರಿಂದ ಬಿಸಿನೀರು ಬಿದ್ದ ಮೇಲ್ಮೈ ಒಮ್ಮೆಲೇ ಹಿಗ್ಗಲು ಹೊರಟರೆ ಕೆಳಗಿನ ಭಾಗ ತಣ್ಣಗೆ ಕುಳಿತೇ ಇರುತ್ತದೆ, ಆ ಎಳೆದಾಟದಲ್ಲಿ ಹಳೆಯ ಗಾಯ ಬಾಯಿ ಬಿಡುತ್ತದೆ. ಮುಂದಿನ ಗಾಜು ನಡುವೆ ಪ್ಲಾಸ್ಟಿಕ್ ಪದರವಿಟ್ಟು ಬೆಸೆದ ಎರಡು ಹಾಳೆಗಳಾದ್ದರಿಂದ ಬಿರುಕು ಬಿಟ್ಟರೂ ಉದುರುವುದಿಲ್ಲ ಎಂಬುದೊಂದೇ ಸಮಾಧಾನ. ಇಷ್ಟು ಸಾಲದೆಂಬಂತೆ, ಸುರಿದ ನೀರು ವೈಪರಿನ ಬುಡದಲ್ಲಿ ಮತ್ತೆ ಹೆಪ್ಪುಗಟ್ಟಿತ್ತು.

ಬಿಸಿನೀರಿಗಿಂತಲೂ ನನ್ನನ್ನು ಹೆದರಿಸುವುದು ಇನ್ನೊಂದು ಅಭ್ಯಾಸ. ಎಟಿಎಂ ಕಾರ್ಡಿನಿಂದ ಚಾಲಕನ ಕಣ್ಣಿಗೆ ನೇರವಾಗಿ ಅಂಗೈಯಗಲದ ಕಿಂಡಿ ಕೆರೆದುಕೊಂಡು, ‘ಹೋಗ್ತಾ ಹೋಗ್ತಾ ಕರಗುತ್ತೆ’ ಎಂದು ಹೊರಟುಬಿಡುವುದು. ಊಟಿಯ ಹತ್ತಿರದ ತಲೈಕುಂದದ ಬಯಲಿನ ಹಿಮ ನೋಡಲು ನಸುಕಿನಲ್ಲೇ ಹೋಗುವ ಕಾರುಗಳಲ್ಲಿ ಇಂಥವನ್ನು ಎಷ್ಟೋ ಕಂಡಿದ್ದೇನೆ. ತಿರುವಿನಲ್ಲಿ ಕಾರು ಪೂರ್ವಕ್ಕೆ ಮುಖ ಮಾಡಿದೊಡನೆ ಎಳೆ ಬಿಸಿಲು ಗಾಜಿನ ಮೇಲಿನ ಒಂದೊಂದು ಹರಳಿಗೂ ತಗುಲಿ ಇಡೀ ಗಾಜು ಟ್ಯೂಬ್‌ಲೈಟಿನಂತೆ ಬೆಳಗುತ್ತದೆ. ರಸ್ತೆಯಂಚಿನಲ್ಲಿ ತರಕಾರಿ ಮೂಟೆ ಹೊತ್ತು ನಡೆಯುವವರು ಆ ಕಿಂಡಿಯಲ್ಲಿ ಕಾಣುವುದೇ ಇಲ್ಲ. ಬ್ರಿಟನ್ನಿನ ಹೆದ್ದಾರಿ ಸಂಹಿತೆ ಹೊರಡುವ ಮುನ್ನ ಎಲ್ಲ ಕಿಟಕಿಗಳ ಹಿಮವನ್ನೂ ತೆಗೆಯಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳೂ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ 70ರಷ್ಟು, ಪಕ್ಕದ ಗಾಜು ಶೇ 50ರಷ್ಟು ಬೆಳಕನ್ನು ಬಿಡಬೇಕೆನ್ನುತ್ತವೆ. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮನ್ನು ನಿಷೇಧಿಸಿದಾಗ ಊರೂರಲ್ಲಿ ಅದನ್ನು ಕೀಳಿಸಿದೆವು. ಈ ಬಿಳಿಯ ಫಿಲ್ಮಿನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ಮಾಡಬೇಕಾದುದು ಕಷ್ಟದ್ದೇನಲ್ಲ. ಎಂಜಿನ್ ಚಾಲೂ ಮಾಡಿ ಬ್ಲೋವರನ್ನು ಮುಂದಿನ ಗಾಜಿನ ಕಡೆಗೆ ತಿರುಗಿಸಿ, ಶಾಖದ ಗುಂಡಿಯನ್ನು ಮೆಲ್ಲಗೆ ಕೆಂಪಿನತ್ತ ಒಯ್ಯಬೇಕು. (ಮೈಸೂರಿನ ಎಷ್ಟೋ ಕಾರುಗಳಲ್ಲಿ ಆ ಗುಂಡಿ ಕೊಂಡ ದಿನದಿಂದ ನೀಲಿಯಲ್ಲೇ ನಿಂತಿರುತ್ತದೆ.) ಜೊತೆಗೆ ಎಸಿಯನ್ನೂ ಹಾಕಬೇಕು. ಚಳಿಯಲ್ಲಿ ಎಸಿಯೇ ಎಂದು ನಗುವವರಿಗೆ ಹೇಳಬೇಕಾದುದೆಂದರೆ, ಎಸಿ ಗಾಳಿಯ ತೇವವನ್ನು ಹೀರುತ್ತದೆ, ಆದ್ದರಿಂದ ಉಸಿರಿನಿಂದ ಗಾಜಿನ ಒಳಮೈಗೆ ಕಟ್ಟುವ ಮಬ್ಬು ಬೇಗ ಬಿಡುತ್ತದೆ. ಹೊರಗಿನ ಗಾಳಿ ಒಳಬರುವಂತೆ ಇಡುವುದೂ ಅದಕ್ಕೇ. ಹಿಂದಿನ ಗಾಜಿನಲ್ಲಿ ಕಾಣುವ ಕಂದು ಗೆರೆಗಳು ಅಲಂಕಾರಕ್ಕಲ್ಲ, ಅವು ಕಾಯುವ ತಂತಿಗಳು. ಗುಂಡಿ ಒತ್ತಿದರೆ ಹಿಮ ಗೆರೆಗೆರೆಯಾಗಿ ಕರಗುತ್ತದೆ. ಅಷ್ಟರಲ್ಲಿ ಹೊರಗೆ ನಿಂತು ಪ್ಲಾಸ್ಟಿಕ್ ಅಂಚಿನಿಂದ ಮೇಲಿನಿಂದ ಕೆಳಕ್ಕೆ ಕೆರೆಯಬಹುದು. ಸ್ಟೀಲಿನ ಸಟ್ಟುಗ ಕೂಡದು, ಗೀರು ಉಳಿದುಬಿಡುತ್ತದೆ. ಕೋವಿಡ್ ಕಾಲದಲ್ಲಿ ತಂದಿಟ್ಟ ನೀರಿನಂಥ ಆಲ್ಕೋಹಾಲ್ ಸ್ಯಾನಿಟೈಸರ್ ಮನೆಯಲ್ಲಿ ಉಳಿದಿದ್ದರೆ ಅದನ್ನು ಸಿಂಪಡಿಸಿದರೂ ಹಿಮ ಬಿಡುತ್ತದೆ, ಏಕೆಂದರೆ ಅದು ಹೆಪ್ಪುಗಟ್ಟಲು ಊಟಿಯ ಚಳಿ ಸಾಲದು; ಬೆಂಕಿಯ ಹತ್ತಿರ ಮಾತ್ರ ಬೇಡ. ವೈಪರನ್ನು ಹಿಮ ಬಿಟ್ಟ ಮೇಲೆಯೇ ಹಾಕಬೇಕು, ಇಲ್ಲದಿದ್ದರೆ ರಬ್ಬರು ಹರಿಯುತ್ತದೆ. ಇಷ್ಟಕ್ಕೂ ಹತ್ತು ನಿಮಿಷ ಸಾಕು. ಬಿಸಿಲಿಗೆ ಕಾಯುವ ವ್ಯವಧಾನವಿದ್ದರೆ ಅಷ್ಟೂ ಬೇಡ.

ನೀಲಗಿರಿಯ ವಸತಿಗೃಹಗಳವರು ಛತ್ರಿಯಂತೆಯೇ ಒಂದೆರಡು ಪ್ಲಾಸ್ಟಿಕ್ ಕೆರೆಗೋಲುಗಳನ್ನೂ ಬಾಗಿಲ ಬಳಿ ಇಟ್ಟರೆ ಅತಿಥಿಗಳು ಬಕೆಟ್ ಹುಡುಕುವುದು ತಪ್ಪುತ್ತದೆ. ತಾವು ಈ ಚಳಿಗಾಲದಲ್ಲಿ ಊಟಿಯ ಚಿತ್ರ ಪ್ರಕಟಿಸುವಾಗ ‘ಹಿಮಪಾತ’ದ ಬದಲು ‘ಹಿಮದ ಹರಳು’ ಎಂದೋ ಇನ್ನೊಂದು ಒಳ್ಳೆಯ ಪದವನ್ನೋ ಬಳಸಿ, ಅದರ ಪಕ್ಕದಲ್ಲಿ ಕಾರಿನ ಗಾಜಿಗೆ ಬಿಸಿನೀರು ಸುರಿಯಬಾರದೆಂಬ ಒಂದು ಸಾಲನ್ನು ಸೇರಿಸಬೇಕೆಂದು ವಿನಂತಿಸುತ್ತೇನೆ.

– ಒಬ್ಬ ಓದುಗ, ಕುವೆಂಪುನಗರ, ಮೈಸೂರು